ಗಾಯದ ಆಳದಿಂದ ಶುರು ಮಾಡಿದ ಪಾಠ: ಬೆಳೆಸಿದ ಚರ್ಮವನ್ನು 9ನೇ ತರಗತಿಗೆ ಕಲಿಸಿದ ಬಗೆ

ತರಗತಿ: 9. ವಿಷಯ: ವಿಜ್ಞಾನ. ಘಟಕ: ಅಂಗಾಂಶಗಳು. ಅವಧಿ: 40 ನಿಮಿಷಗಳ ಎರಡು ತರಗತಿ. ಸ್ಥಳ: ಕುಂಬಾರಕೊಪ್ಪಲಿನ ಒಂದು ಪ್ರೌಢಶಾಲೆ, ಮೈಸೂರು.

‘ಅಂಗಾಂಶಗಳು’ ಘಟಕದಲ್ಲಿ ಚರ್ಮದ ವಿಷಯ ಬಹಳ ಬೇಗ ಮುಗಿದುಹೋಗುತ್ತದೆ. ಅನುಲೇಪಕ ಅಂಗಾಂಶದ ಬಗೆಗಳನ್ನು ಹೇಳುವಾಗ, ಸವೆತವನ್ನು ತಡೆಯಲು ಚರ್ಮದ ಜೀವಕೋಶಗಳು ಹಲವು ಪದರಗಳಲ್ಲಿ ಜೋಡಣೆಯಾಗಿವೆ ಎಂಬ ಮಾತು ಬರುತ್ತದೆ. ಮಕ್ಕಳು ಅದರ ಕೆಳಗೆ ಗೆರೆ ಎಳೆಯುತ್ತಾರೆ, ಒಂದು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡುತ್ತಾರೆ. ಆ ಪದರಗಳೇ ಹೋದರೆ ಏನಾಗುತ್ತದೆ ಎಂಬ ಪ್ರಶ್ನೆ ಯಾರಿಗೂ ಏಳುವುದಿಲ್ಲ. ಘಟಕ ಪಾಠದ ‘ವಿಸ್ತರಣೆ’ ಹಂತಕ್ಕೆ ನಾನು ಆ ಪ್ರಶ್ನೆಯನ್ನೇ ತೆಗೆದುಕೊಂಡೆ. ಸುಟ್ಟ ಗಾಯಕ್ಕೆ ಪ್ರಯೋಗಾಲಯದಲ್ಲಿ ಚರ್ಮ ಬೆಳೆಸುತ್ತಾರಲ್ಲ, ಅದು ಹೇಗೆ, ಮತ್ತು ಅದು ಎಷ್ಟರಮಟ್ಟಿಗೆ ಸಾಧ್ಯ?

ನನ್ನ ಸಹಪಾಠಿ ಪ್ರಶಿಕ್ಷಣಾರ್ಥಿಗಳು ಸುಲಭದ ದಾರಿ ಸೂಚಿಸಿದ್ದರು: ಯಂತ್ರವೊಂದು ಚರ್ಮವನ್ನು ‘ಮುದ್ರಿಸುವ’ ವಿಡಿಯೊ ತೋರಿಸು, ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. ನೋಡುತ್ತಾರೆ ನಿಜ. ಆದರೆ ಅವರು ಮನೆಗೆ ಒಯ್ಯುವುದು ‘ಈಗ ಚರ್ಮವನ್ನು ಮೆಷಿನ್ನಿನಲ್ಲೇ ಮಾಡ್ತಾರಂತೆ’ ಎಂಬ ಒಂದು ಸಾಲನ್ನು. ಅದು ಅರ್ಧ ಸತ್ಯ. ಪ್ರಯೋಗಾಲಯದಿಂದ ಶುರು ಮಾಡಿದರೆ ಪಾಠ ಬೆರಗಿನಲ್ಲೇ ನಿಲ್ಲುತ್ತದೆ. ಗಾಯದಿಂದ, ಅದರಲ್ಲೂ ಗಾಯದ ಆಳದಿಂದ ಶುರು ಮಾಡಿದರೆ ಪ್ರಯೋಗಾಲಯದ ಪ್ರತಿಯೊಂದು ಹೆಜ್ಜೆ ಯಾಕೆ ಬೇಕಾಯಿತು ಎಂಬುದು ಮಕ್ಕಳಿಗೇ ಹೊಳೆಯುತ್ತದೆ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ; ಉಳಿದದ್ದು ಅದನ್ನು ಮಾಡಿದ ಬಗೆ.

ಪಾಠಕ್ಕೆ ಮುಂಚೆ

ಪಾಠಯೋಜನೆಯ ನಮೂನೆಯಲ್ಲಿ ‘ಪೂರ್ವಜ್ಞಾನ’ ಎಂಬ ಕಲಮು ಇದೆ. ಮಕ್ಕಳಿಗೆ ಏನು ಗೊತ್ತು ಎಂದು ಅಲ್ಲಿ ಬರೆಯುತ್ತೇವೆ. ಮಕ್ಕಳು ಏನನ್ನು ಅನುಭವಿಸಿದ್ದಾರೆ ಎಂದು ಬರೆಯಲು ಜಾಗವಿಲ್ಲ. ತರಗತಿ ಶಿಕ್ಷಕಿಯವರ ಹತ್ತಿರ ಮಾತಾಡುವಾಗ, ಈ ತರಗತಿಯ ಒಬ್ಬ ಹುಡುಗಿಗೆ ಚಿಕ್ಕಂದಿನಲ್ಲಿ ಸ್ನಾನದ ಬಿಸಿನೀರು ಬಿದ್ದು ಒಂದು ಕೈ ಮಣಿಕಟ್ಟಿನವರೆಗೆ ಸುಟ್ಟಿತ್ತೆಂದು ತಿಳಿಯಿತು. ಎರಡು ಬೆರಳು ಪೂರ್ತಿ ಚಾಚುವುದಿಲ್ಲ. ಅವಳು ಯಾವಾಗಲೂ ಆ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಳ್ಳುತ್ತಾಳೆ.

ಹಾಗಾದರೆ ಈ ವಿಷಯವನ್ನೇ ಬಿಡಬೇಕೆ? ನನಗೆ ಹಾಗೆ ಅನ್ನಿಸಲಿಲ್ಲ. ತನ್ನ ಕೈಗೆ ಏನಾಯಿತು ಎಂದು ತಿಳಿಯುವ ಹಕ್ಕು ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಅವಳಿಗಿದೆ. ಶಿಕ್ಷಕಿಯವರ ಮೂಲಕ ಅವಳನ್ನೇ ಕೇಳಿದೆವು. “ಮಾಡಿ ಮಿಸ್, ಆದ್ರೆ ನನ್ನ ಕೈ ತೋರ್ಸಿ ಅಂತ ಹೇಳ್ಬೇಡಿ” ಎಂದಳು. ಆ ಮಾತಿನ ಮೇಲೆ ಪಾಠಕ್ಕೆ ಮೂರು ಕಟ್ಟುಪಾಡು ಹಾಕಿಕೊಂಡೆ. ಸುಟ್ಟ ಗಾಯದ ಒಂದೂ ಛಾಯಾಚಿತ್ರ ಇಲ್ಲ. ‘ನಿಮ್ಮಲ್ಲಿ ಯಾರಿಗಾದರೂ ಸುಟ್ಟಿದೆಯಾ?’ ಎಂಬ ಪ್ರಶ್ನೆ ಇಲ್ಲ. ಗುಣವಾದ ಮೇಲೆ ಉಳಿಯುವ ಕಲೆಯ ಬಗ್ಗೆ ಮರುಕದ ಮಾತು ಇಲ್ಲ. ಇಂಥ ಪಾಠ ಮಾಡಬೇಕೆಂದಿರುವ ಪ್ರಶಿಕ್ಷಣಾರ್ಥಿಗಳು ಬೋಧನೋಪಕರಣ ತಯಾರಿಸುವ ಮುನ್ನ ತರಗತಿ ಶಿಕ್ಷಕರ ಹತ್ತಿರ ಹತ್ತು ನಿಮಿಷ ಕುಳಿತುಕೊಳ್ಳುವುದು ಒಳ್ಳೆಯದು.

ಅಂಗೈ ಲೆಕ್ಕ

ಮೊದಲ ತರಗತಿಯನ್ನು ಗ್ರಾಫ್ ಹಾಳೆಯಿಂದ ಶುರು ಮಾಡಿದೆ. ಪ್ರತಿಯೊಬ್ಬರೂ ಬೆರಳುಗಳನ್ನು ಜೋಡಿಸಿ ತಮ್ಮ ಒಂದು ಅಂಗೈಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯಬೇಕು, ಒಳಗಿನ ಚೌಕಗಳನ್ನು ಎಣಿಸಬೇಕು. ಅರ್ಧಕ್ಕಿಂತ ಹೆಚ್ಚಿರುವ ಚೌಕವನ್ನು ಒಂದು ಎಂದು ಎಣಿಸಿ, ಕಡಿಮೆ ಇರುವುದನ್ನು ಬಿಡುವ ಕ್ರಮ ಅವರಿಗೆ ಗಣಿತದಲ್ಲಿ ಬಂದಿದೆ. ಹೆಚ್ಚಿನವರಿಗೆ 120ರಿಂದ 140 ಚದರ ಸೆಂಟಿಮೀಟರ್ ಬಂತು. ಒಬ್ಬ ವ್ಯಕ್ತಿಯ ಅಂಗೈ, ಬೆರಳೂ ಸೇರಿ, ಅವನ ಮೈಯ ಚರ್ಮದ ಸುಮಾರು 1 ಶೇಕಡಾ. ಸುಟ್ಟ ಗಾಯ ಎಷ್ಟು ಹರಡಿದೆ ಎಂದು ವೈದ್ಯರು ಅಂದಾಜು ಮಾಡಲು ಬಳಸುವ ಉಪಾಯಗಳಲ್ಲಿ ಇದೂ ಒಂದು. 130 ಅನ್ನು 100ರಿಂದ ಗುಣಿಸಿದರೆ 13,000 ಚದರ ಸೆಂಟಿಮೀಟರ್, ಅಂದರೆ 1.3 ಚದರ ಮೀಟರ್. ಒಬ್ಬರು ಮಲಗುವ ಚಾಪೆಯಷ್ಟು. ದೊಡ್ಡವರಲ್ಲಿ ಇದು ಒಂದೂವರೆಯಿಂದ ಎರಡು ಚದರ ಮೀಟರ್ ಆಗುತ್ತದೆ. ‘ಚರ್ಮವೂ ಒಂದು ಅಂಗ, ದೇಹದ ಅತಿ ದೊಡ್ಡ ಅಂಗ’ ಎಂಬ ವಾಕ್ಯವನ್ನು ನಾನು ಹೇಳಲೇ ಇಲ್ಲ. ಚಾಪೆ ಎಂದ ಕೂಡಲೇ ಹಿಂದಿನ ಬೆಂಚಿನಿಂದ ಅದು ತಾನಾಗಿ ಬಂತು.

ಈ ‘ಅಂಗೈ’ಯನ್ನು ಮುಂದಿನ ಎರಡೂ ತರಗತಿಗಳಲ್ಲಿ ಅಳತೆಯ ಮಾನವಾಗಿ ಉಳಿಸಿಕೊಂಡೆ. ಶೇಕಡಾ ಎಂದರೆ ಮಕ್ಕಳ ಮುಖ ಗಂಟಾಗುತ್ತದೆ, ಅಂಗೈ ಎಂದರೆ ಲೆಕ್ಕ ಸಲೀಸು.

ಹುಲ್ಲು ಮೇಯ್ದ ಜಾಗ, ಜೆಸಿಬಿ ಕೆರೆದ ಜಾಗ

ಎಷ್ಟು ಅಗಲ ಎಂಬುದಾಯಿತು, ಎಷ್ಟು ಆಳ? ಕರಿಹಲಗೆಯ ಮೇಲೆ ಚರ್ಮದ ಅಡ್ಡ ಸೀಳಿಕೆಯ ಚಿತ್ರ ಬರೆದೆ. ಮೇಲೆ ತೆಳ್ಳಗಿನ ಹೊರಚರ್ಮ: ಇದು ಅನುಲೇಪಕ ಅಂಗಾಂಶ, ರಕ್ತನಾಳ ಇಲ್ಲ, ಬುಡದ ಕೋಶಗಳು ವಿಭಜನೆಯಾಗುತ್ತ ಮೇಲಕ್ಕೆ ಬಂದು ಸುಮಾರು ನಾಲ್ಕು ವಾರಗಳಲ್ಲಿ ಹೊಟ್ಟಾಗಿ ಉದುರುತ್ತವೆ. ಕೆಳಗೆ ದಪ್ಪನೆಯ ಒಳಚರ್ಮ: ಇದು ಸಂಯೋಜಕ ಅಂಗಾಂಶ, ಕೊಲ್ಯಾಜೆನ್ ಎಳೆಗಳ ಹೆಣಿಗೆ, ರಕ್ತನಾಳ ಮತ್ತು ನರಗಳು ಇಲ್ಲಿವೆ. ಕೂದಲಿನ ಬುಡ, ಬೆವರು ಗ್ರಂಥಿ ಎರಡೂ ಹೊರಚರ್ಮದ ಕೋಶಗಳಿಂದಲೇ ಆಗಿ ಒಳಚರ್ಮದೊಳಕ್ಕೆ ಇಳಿದಿವೆ. ಈ ಕೊನೆಯ ಸಂಗತಿಯ ಮೇಲೆ ನಾನು ಬಣ್ಣದ ಚಾಕ್‌ಪೀಸ್ ಖರ್ಚು ಮಾಡಿದೆ. ಇಡೀ ಪಾಠ ನಿಂತಿರುವುದು ಅದರ ಮೇಲೆ.

ಹೊರಚರ್ಮ ಪೂರ್ತಿ ಹೋಗಿ ಒಳಚರ್ಮದ ಮೇಲ್ಭಾಗವೂ ಸುಟ್ಟಿದೆ ಎಂದುಕೊಳ್ಳೋಣ. ಬೊಬ್ಬೆ ಬರುತ್ತದೆ, ಉರಿ ತಡೆಯಲಾಗುವುದಿಲ್ಲ. ಆದರೂ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಹೊಸ ಚರ್ಮ ಬರುತ್ತದೆ. ಎಲ್ಲಿಂದ? ಒಬ್ಬ ಹುಡುಗ ಚಿತ್ರ ನೋಡುತ್ತಲೇ ಹೇಳಿದ: “ಬೇರಿಂದ ಮಿಸ್. ಹಸು ಹುಲ್ಲು ಮೇಯ್ದ್ರೂ ಬೇರು ಇರುತ್ತಲ್ಲ, ಮತ್ತೆ ಚಿಗುರುತ್ತೆ.” ಆ ಮಾತು ನನ್ನ ಯೋಜನೆಯಲ್ಲಿ ಇರಲಿಲ್ಲ, ಬಂದದ್ದನ್ನು ಬಿಡಲೂ ಇಲ್ಲ. ಹಾಗಾದರೆ ಜೆಸಿಬಿ ತಂದು ಬೇರು ಸಮೇತ ಒಂದಡಿ ಮಣ್ಣು ಕೆರೆದು ಹಾಕಿದರೆ? “ಬದುವಿನಿಂದ ಸ್ವಲ್ಪ ಸ್ವಲ್ಪ ಬರುತ್ತೆ.” ದಪ್ಪಕ್ಕೆ ದಪ್ಪ ಚರ್ಮವೆಲ್ಲ ಸುಟ್ಟ ಗಾಯದಲ್ಲಿ ಆಗುವುದೂ ಅದೇ. ಕೂದಲಿನ ಬುಡವೂ ಬೆವರು ಗ್ರಂಥಿಯೂ ಹೋಗಿರುವುದರಿಂದ ಹೊರಚರ್ಮ ಗಾಯದ ಅಂಚಿನಿಂದ ಮಾತ್ರ ತೆವಳಿಕೊಂಡು ಬರಬೇಕು. ನರದ ತುದಿಗಳೂ ಸುಟ್ಟಿರುವುದರಿಂದ ಅಂಥ ಜಾಗದಲ್ಲಿ ನೋವೇ ಕಡಿಮೆ. ‘ನೋವಿಲ್ಲ, ಹಾಗಾಗಿ ಪರವಾಗಿಲ್ಲ’ ಎಂದುಕೊಳ್ಳುವುದು ಎಷ್ಟು ಅಪಾಯ ಎಂಬುದನ್ನು ಇಲ್ಲೇ ಹೇಳಿಬಿಟ್ಟೆ. ಅಂಚಿನಿಂದ ಬರುವಷ್ಟರಲ್ಲಿ ದೇಹ ಸುಮ್ಮನಿರುವುದಿಲ್ಲ, ಗಾಯವನ್ನು ಎಲ್ಲ ಕಡೆಯಿಂದ ಬಿಗಿಯಾಗಿ ಎಳೆದು ಚಿಕ್ಕದು ಮಾಡಲು ನೋಡುತ್ತದೆ. ಕೀಲಿನ ಮೇಲೆ ಹೀಗೆ ಎಳೆದರೆ ಬೆರಳು ಮಡಚಿಕೊಂಡು ಉಳಿಯುತ್ತದೆ. ಈ ವಾಕ್ಯ ಹೇಳುವಾಗ ನಾನು ಚಿತ್ರದ ಕಡೆಗೆ ಮುಖ ಮಾಡಿದ್ದೆ.

ಮೂಗಿನ ಕತೆ

ಎರಡನೆಯ ತರಗತಿಯ ಆರಂಭಕ್ಕೆ ನಮ್ಮ ಊರಿನ ಹತ್ತಿರದ್ದೇ ಒಂದು ಪ್ರಸಂಗ ಸಿಕ್ಕಿತು. ಮೂರನೆಯ ಮೈಸೂರು ಯುದ್ಧದ ಕಾಲ. ಇಂಗ್ಲಿಷರ ಸೈನ್ಯದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೊವಾಸ್‌ಜಿ ಎಂಬಾತ ಟಿಪ್ಪುವಿನ ಕಡೆಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು ಎಂದು ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಝೀನ್’ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಬಂದ ಪತ್ರ ಹೇಳುತ್ತದೆ. ವರ್ಷದ ಮೇಲೆ ಮೂಗಿಲ್ಲದೆ ಇದ್ದವನಿಗೆ ಪುಣೆಯ ಹತ್ತಿರ ಒಬ್ಬ ದೇಸಿ ವೈದ್ಯ ಹೊಸ ಮೂಗು ಮಾಡಿಕೊಟ್ಟ. ಆ ವೈದ್ಯ ಇಟ್ಟಿಗೆ ಮಾಡುವವರ ಜಾತಿಯವನು ಎಂದು ಪತ್ರದಲ್ಲಿದೆ. ಕುಂಬಾರ ಎಂದು ಬರೆದವರೂ ಇದ್ದಾರೆ. ಕುಂಬಾರಕೊಪ್ಪಲಿನ ಮಕ್ಕಳ ಮುಂದೆ ಇದನ್ನು ಹೇಳಿದರೆ ಏನಾಗುತ್ತದೆ ಎಂದು ನೀವೇ ಊಹಿಸಬಹುದು. ಬೆನ್ನುಗಳೆಲ್ಲ ನೆಟ್ಟಗಾದವು.

ಅವನು ಮಾಡಿದ್ದು ಹೀಗೆ. ಮೇಣದ ತೆಳು ಹಾಳೆಯನ್ನು ಮೂಗಿನ ಆಕಾರಕ್ಕೆ ಕೂರಿಸಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಅಷ್ಟು ಚರ್ಮವನ್ನು ಹಣೆಯಿಂದ ಬಿಡಿಸಿದ, ಆದರೆ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಹಾಗೇ ಉಳಿಸಿದ. ಚರ್ಮವನ್ನು ತಿರುಗಿಸಿ ಮೂಗಿನ ಜಾಗಕ್ಕೆ ಕೂರಿಸಿ, ನೀರಿನಲ್ಲಿ ಮೆತ್ತಗೆ ಮಾಡಿದ ಕಾಚನ್ನು ಬಟ್ಟೆಗೆ ಬಳಿದು ಅಂಟಿಸಿದ. ನಾಲ್ಕು ದಿನದ ಮೇಲೆ ತುಪ್ಪದ ಬಟ್ಟೆ. ಸುಮಾರು 25ನೇ ದಿನ ಆ ಪಟ್ಟಿಯನ್ನು ಕತ್ತರಿಸಿದ.

“ಪಟ್ಟಿ ಯಾಕೆ ಉಳಿಸಿದ? ಮೊದಲೇ ಕತ್ತರಿಸಿದ್ದರೆ ಏನಾಗುತ್ತಿತ್ತು?” ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಮೂರನೆಯ ಬೆಂಚಿನ ಹುಡುಗಿಯೊಬ್ಬಳು “ರಕ್ತ ಬರೋಕೆ” ಎಂದಳು. ಪತ್ರದಲ್ಲೂ ಅದನ್ನೇ ಬರೆದಿದೆ: ಹೊಸದೂ ಹಳೆಯದೂ ಕೂಡಿಕೊಳ್ಳುವವರೆಗೆ ರಕ್ತಸಂಚಾರ ನಡೆಯಲಿ ಎಂದು. ಮೇಲಿನ ಚಿತ್ರದಲ್ಲಿ ರಕ್ತನಾಳ ಯಾವ ಪದರದಲ್ಲಿತ್ತು ಎಂದು ಮತ್ತೆ ತೋರಿಸಿದೆ. ಚರ್ಮವನ್ನು ಕತ್ತರಿಸುವುದಾಗಲಿ ಹೊಲಿಯುವುದಾಗಲಿ ಅಷ್ಟು ಕಷ್ಟವಲ್ಲ, ಅದಕ್ಕೆ ರಕ್ತ ಎಲ್ಲಿಂದ ಎಂಬುದೇ ಕಷ್ಟ. ಅಂದಿನ ವೈದ್ಯನಿಗೂ ಇಂದಿನ ಅಂಗಾಂಶ ಎಂಜಿನಿಯರಿಂಗಿಗೂ ಇದೊಂದೇ ಪ್ರಶ್ನೆ.

ಈ ಪ್ರಸಂಗವನ್ನು ಬಳಸುವವರಿಗೆ ಒಂದು ಮಾತು. ಟಿಪ್ಪುವಿನ ಹೆಸರು ಬಂದ ಕೂಡಲೇ ತರಗತಿ ಬೇರೆ ಕಡೆಗೆ ಹೊರಳಬಹುದು. ನಾನು ‘ಪತ್ರ ಹೀಗೆ ಹೇಳುತ್ತದೆ, ಬರೆದವರು ಯುದ್ಧದ ಇನ್ನೊಂದು ಪಕ್ಷದವರು’ ಎಂದು ಹೇಳಿ ಮೇಣದ ಹಾಳೆಗೆ ಹೋದೆ. ಅಂದು ನಮಗೆ ಬೇಕಾಗಿದ್ದದ್ದು ಮೂಗು.

ಹತ್ತು ಅಂಗೈಯಿಂದ ತೊಂಬತ್ತು ಅಂಗೈ

ಇಂದಿನ ಚರ್ಮ ಕಸಿಯಲ್ಲಿ ಪಟ್ಟಿ ಉಳಿಸುವುದಿಲ್ಲ. ತೊಡೆಯಂಥ ಜಾಗದಿಂದ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ದಪ್ಪವಿಲ್ಲದ ಪದರವನ್ನು ಹೆರೆದು ಗಾಯದ ಮೇಲೆ ಹಾಸುತ್ತಾರೆ. ಅಷ್ಟು ತೆಳ್ಳಗಿರುವುದರಿಂದ ಮೊದಲ ಒಂದೆರಡು ದಿನ ಅದು ಗಾಯದ ದ್ರವವನ್ನೇ ಹೀರಿ ಬದುಕುತ್ತದೆ. ಆಮೇಲೆ ಕೆಳಗಿನಿಂದ ರಕ್ತನಾಳಗಳು ಬಂದು ಕೂಡಿಕೊಳ್ಳುತ್ತವೆ. ಹೆರೆದ ಜಾಗದಲ್ಲಿ ಬೇರು ಉಳಿದಿರುತ್ತದೆ, ಎರಡು ವಾರಗಳ ಹೊತ್ತಿಗೆ ಅಲ್ಲಿ ಮತ್ತೆ ಹೊರಚರ್ಮ ಬರುತ್ತದೆ. ಹುಲ್ಲಿನ ಹುಡುಗನಿಗೆ ಇದು ಕೂಡಲೇ ಅರ್ಥವಾಯಿತು.

ಆ ಪದರವನ್ನು ಇನ್ನಷ್ಟು ಹಿಗ್ಗಿಸಲು ಯಂತ್ರದಲ್ಲಿ ಸಾಲುಸಾಲಾಗಿ ಸೀಳು ಕೊಟ್ಟು ಬಲೆಯ ಹಾಗೆ ಎಳೆಯುತ್ತಾರೆ. ಇದಕ್ಕೆ ಬಣ್ಣದ ಕಾಗದ ಸಾಕು. ಮಡಚಿ ಎರಡೂ ಕಡೆಯಿಂದ ಕತ್ತರಿಸಿ ಎಳೆದರೆ ಹಬ್ಬದ ತೋರಣದ ಜಾಲರಿಯಾಗುತ್ತದೆ. ಮಕ್ಕಳು ಅಂಗೈ ಅಗಲದ ಕಾಗದವನ್ನು ಎರಡು ಮೂರು ಅಂಗೈಗೆ ಎಳೆದು ತೋರಿಸಿದರು. ಆಮೇಲೆ ಲೆಕ್ಕ ಕೊಟ್ಟೆ. ಒಬ್ಬರ ಮೈ 30 ಅಂಗೈಯಷ್ಟು ಸುಟ್ಟಿದೆ, ಒಂದನ್ನು ಮೂರು ಮಾಡಬಹುದು, ಎಷ್ಟು ಅಂಗೈ ಚರ್ಮ ಹೆರೆಯಬೇಕು? ಹತ್ತು. ಸರಿ, ಇನ್ನೊಬ್ಬರಿಗೆ 90 ಅಂಗೈ ಸುಟ್ಟಿದೆ, ಉಳಿದಿರುವುದೇ ಹತ್ತು. ಹತ್ತನ್ನೂ ಹೆರೆದರೂ ಮೂವತ್ತು ಅಂಗೈ ಮುಚ್ಚುತ್ತದೆ. ಇನ್ನು ಅರವತ್ತು?

ತರಗತಿಯಲ್ಲಿ ಸದ್ದಿರಲಿಲ್ಲ. ಹೆರೆದ ಜಾಗ ಚಿಗುರುವವರೆಗೆ ಎರಡು ವಾರ ಕಾಯಬೇಕು, ಮತ್ತೆ ಹೆರೆಯಬೇಕು, ಮತ್ತೆ ಕಾಯಬೇಕು. ಅಷ್ಟರಲ್ಲಿ ತೆರೆದ ಗಾಯದಿಂದ ನೀರಿನಂಶ ಸೋರುತ್ತದೆ, ಸೋಂಕು ಒಳಗೆ ಹೋಗುತ್ತದೆ. ಪ್ರಯೋಗಾಲಯದ ಚರ್ಮ ಬೇಕಾದದ್ದು ಈ ಅರವತ್ತು ಅಂಗೈಗೆ ಎಂದೆ. ಇಲ್ಲಿಗೆ ಬರಲು ನನಗೆ ಒಂದೂಕಾಲು ತರಗತಿ ಬೇಕಾಯಿತು, ಅದು ಹೆಚ್ಚಾಯಿತು ಎಂದು ನನಗೆ ಅನ್ನಿಸುವುದಿಲ್ಲ.

ಕಾಯುವ ದಿನಗಳಿಗೆ ತಾತ್ಕಾಲಿಕ ಹೊದಿಕೆ ಬೇಕು. ತೀರಿಕೊಂಡವರು ದಾನ ಮಾಡಿದ ಚರ್ಮ ಇದಕ್ಕೆ ಆಗುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಿಂದ ಚರ್ಮ ಬ್ಯಾಂಕ್ ಇದೆ. ಸಾವಿನ ನಂತರ ಆರು ಗಂಟೆಗಳೊಳಗೆ ತೊಡೆ, ಬೆನ್ನುಗಳಿಂದ ತೆಳು ಪದರ ತೆಗೆದು, 85 ಶೇಕಡಾ ಗ್ಲಿಸರಾಲಿನಲ್ಲಿ 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಟ್ಟರೆ ವರ್ಷಗಟ್ಟಲೆ ಕೆಡದೆ ಇರುತ್ತದೆ. ರಕ್ತದ ಗುಂಪು ಹೊಂದಬೇಕಿಲ್ಲ. ಆದರೆ ಅದು ಬೇರೊಬ್ಬರದು; ಕೆಲವು ವಾರಗಳಲ್ಲಿ ದೇಹ ಅದನ್ನು ತಳ್ಳಿಬಿಡುತ್ತದೆ. ಅಷ್ಟರೊಳಗೆ ಸಿಕ್ಕ ಸಮಯವೇ ಲಾಭ. ನಮ್ಮ ದೇಶದ ವೈದ್ಯರು ಇನ್ನೂ ಅಗ್ಗದ ಹೊದಿಕೆಗಳನ್ನೂ ಹುಡುಕಿದ್ದಾರೆ. 1985ರಲ್ಲಿ ಮುಂಬೈ ವೈದ್ಯರು ಬೇಯಿಸಿದ ಆಲೂಗೆಡ್ಡೆಯ ಸಿಪ್ಪೆಯನ್ನು ಬಟ್ಟೆಯ ಮೇಲೆ ಜೋಡಿಸಿ ಸುಟ್ಟ ಗಾಯಕ್ಕೆ ಹಾಕಿದ ಪ್ರಯೋಗದ ವರದಿ ಪ್ರಕಟಿಸಿದರು; 2003ರಲ್ಲಿ ಬಾಳೆ ಎಲೆಯ ಹೊದಿಕೆಯ ಅಧ್ಯಯನ ಬಂತು. ಬಾಳೆ ಎಲೆಯ ತುಂಡೊಂದನ್ನು ಕೈಗೆ ಕೊಟ್ಟು, ಇದು ಗಾಯಕ್ಕೆ ಯಾಕೆ ಅಂಟಿಕೊಳ್ಳುವುದಿಲ್ಲ ಎಂದು ಕೇಳಿದರೆ ಮಕ್ಕಳು ಬೆರಳಿನಿಂದ ಸವರಿ, ಮೇಣದ ನುಣುಪನ್ನು ತಾವೇ ಹೇಳುತ್ತಾರೆ. ಆಸ್ಪತ್ರೆಯಲ್ಲಿ ಸೋಂಕು ಕಳೆದು ಹಾಕುವುದು ಬೇರೆ, ಹಿತ್ತಲಿನಿಂದ ಕಿತ್ತು ಹಾಕುವುದು ಬೇರೆ ಎಂದು ಮಾತ್ರ ಒತ್ತಿ ಹೇಳಬೇಕು.

ಬಳ್ಳಿ ಮತ್ತು ಚಪ್ಪರ

1975ರಲ್ಲಿ ಅಮೆರಿಕದ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೊವಾರ್ಡ್ ಗ್ರೀನ್ ಮನುಷ್ಯನ ಹೊರಚರ್ಮದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವ ವಿಧಾನ ಕಂಡುಕೊಂಡರು. ಮುಂದೆ ವಿಭಜನೆಯಾಗದಂತೆ ಮಾಡಿದ ಇಲಿಯ ಕೋಶಗಳ ಹಾಸಿನ ಮೇಲೆ ಇಟ್ಟಾಗ ಈ ಕೋಶಗಳು ಚೆನ್ನಾಗಿ ಬೆಳೆದವು. ಕೆಲವೇ ವಾರಗಳಲ್ಲಿ ಚರ್ಮದ ಸಣ್ಣ ತುಣುಕು ಹತ್ತು ಸಾವಿರ ಪಟ್ಟು ಅಗಲದ ಹಾಳೆಗಳಾಗಬಹುದು. ಹತ್ತು ಸಾವಿರ ಪಟ್ಟು ಆಗಲು ಎಷ್ಟು ಸಲ ಇಮ್ಮಡಿಯಾಗಬೇಕು? ಎರಡು, ನಾಲ್ಕು, ಎಂಟು ಎಂದು ಹಲಗೆಯ ಮೇಲೆ ಬರೆಯುತ್ತ ಹೋದರು. 13ನೇ ಸಲಕ್ಕೆ 8,192, 14ನೇ ಸಲಕ್ಕೆ 16,384. ಕೋಶ ವಿಭಜನೆಯ ಪಾಠ ಅಲ್ಲೇ ಪುನರಾವರ್ತನೆಯಾಯಿತು.

1983ರಲ್ಲಿ ಅಮೆರಿಕದಲ್ಲಿ 5 ಮತ್ತು 6 ವರ್ಷದ ಇಬ್ಬರು ಅಣ್ಣತಮ್ಮಂದಿರ ಮೈ 95 ಶೇಕಡಾಕ್ಕಿಂತ ಹೆಚ್ಚು ಸುಟ್ಟಿತು. ನಮ್ಮ ಲೆಕ್ಕದಲ್ಲಿ ಉಳಿದದ್ದು ಐದು ಅಂಗೈ. ಕಂಕುಳ ಬಳಿಯ ಸಣ್ಣ ತುಣುಕಿನಿಂದ ಬೆಳೆಸಿದ ಹಾಳೆಗಳಿಂದ ಅವರ ಮೈಯ ಅರ್ಧದಷ್ಟನ್ನು ಮುಚ್ಚಿದರು, ಇಬ್ಬರೂ ಬದುಕಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಮತ್ತೆ ಚಿತ್ರಕ್ಕೆ ಹೋದೆ: ತಟ್ಟೆಯಲ್ಲಿ ಬೆಳೆದದ್ದು ಯಾವ ಪದರ? ಹೊರಚರ್ಮ ಮಾತ್ರ, ಕೆಲವೇ ಕೋಶಗಳ ದಪ್ಪ. ಒಳಚರ್ಮ ಇಲ್ಲದ ಜಾಗಕ್ಕೆ ಅದನ್ನು ಹಾಸಿದರೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಸ್ವಲ್ಪ ಉಜ್ಜಿದರೂ ಬೊಬ್ಬೆ ಏಳುತ್ತದೆ.

ಒಳಚರ್ಮದ ದಾರಿಯನ್ನು ತೋರಿಸಿದವರು ಜಾನ್ ಬರ್ಕ್ ಎಂಬ ಶಸ್ತ್ರವೈದ್ಯ ಮತ್ತು ಅಯೋನಿಸ್ ಯಾನಸ್ ಎಂಬ ಎಂಜಿನಿಯರ್. 1981ರಲ್ಲಿ ಅವರು ವರದಿ ಮಾಡಿದ ಹೊದಿಕೆಯಲ್ಲಿ ಜೀವಕೋಶಗಳೇ ಇರಲಿಲ್ಲ. ಹಸುವಿನ ಕೊಲ್ಯಾಜೆನ್ ಮತ್ತು ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ತೆಗೆದ ಪದಾರ್ಥ ಸೇರಿಸಿ ಮಾಡಿದ ಸ್ಪಂಜಿನಂಥ ಹಾಸು, ಮೇಲೆ ಸಿಲಿಕೋನಿನ ತೆಳು ಪೊರೆ. ಇದಕ್ಕೆ ಪುಸ್ತಕಗಳಲ್ಲಿ ದೊಡ್ಡ ದೊಡ್ಡ ಪದಗಳಿವೆ. ನಾನು ‘ಚಪ್ಪರ’ ಎಂದೆ. ಹೀರೆ ಬಳ್ಳಿಗೆ ಚಪ್ಪರ ಹಾಕಿದ ಹಾಗೆ, ಗಾಯದ ತಳದಿಂದ ರೋಗಿಯ ಸ್ವಂತ ಕೋಶಗಳೂ ರಕ್ತನಾಳಗಳೂ ಈ ಸ್ಪಂಜಿನ ರಂಧ್ರಗಳೊಳಗೆ ಹಬ್ಬುತ್ತವೆ. ಎರಡು ಮೂರು ವಾರಗಳಲ್ಲಿ ಹೊಸ ಒಳಚರ್ಮದಂಥ ಪದರ ಆಗುತ್ತದೆ, ಚಪ್ಪರ ಮೆಲ್ಲಗೆ ಕರಗುತ್ತದೆ. ಆಮೇಲೆ ಸಿಲಿಕೋನ್ ಪೊರೆ ತೆಗೆದು ಬಹಳ ತೆಳುವಾದ ಕಸಿ ಹಾಸುತ್ತಾರೆ. ಕೊವಾಸ್‌ಜಿಯ ವೈದ್ಯ ಉಳಿಸಿದ ಪಟ್ಟಿಯ ಕೆಲಸವನ್ನು ಇಲ್ಲಿ ಯಾರು ಮಾಡಿದರು ಎಂದು ಕೇಳಿದೆ. ಉತ್ತರ ಒಟ್ಟಿಗೆ ಬಂತು: “ಚಪ್ಪರ!”

ಕೋಶವೂ ಚಪ್ಪರವೂ ಸೇರಿದ ಎರಡು ಪದರದ ಜೀವಂತ ಹೊದಿಕೆಗೆ ಅಮೆರಿಕದಲ್ಲಿ 1998ರಲ್ಲಿ ಅನುಮತಿ ಸಿಕ್ಕಿತು. ಅದು ಸುಟ್ಟ ಗಾಯಕ್ಕಲ್ಲ, ವಾಸಿಯಾಗದ ಕಾಲಿನ ಹುಣ್ಣಿಗೆ. ಎರಡು ವರ್ಷದ ಮೇಲೆ ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿಗೂ ಅನುಮತಿಯಾಯಿತು. ಇದನ್ನು ಹೇಳಿದಾಗ ತಮ್ಮ ಅಜ್ಜಿಯ, ತಾತನ ಕಾಲಿನ ಸಂಗತಿ ಹೇಳಲು ನಾಲ್ಕೈದು ಕೈಗಳು ಮೇಲೆದ್ದವು. ಈ ವಿಷಯ ನಮ್ಮ ಮನೆಗಳಿಗೆ ಹತ್ತಿರವಾಗುವುದು ಬೆಂಕಿಗಿಂತ ಹೆಚ್ಚಾಗಿ ಸಕ್ಕರೆ ಕಾಯಿಲೆಯ ಮೂಲಕ.

“ಹಸುದಾ ಮಿಸ್?” ಎಂಬ ಪ್ರಶ್ನೆ ಬಂದೇ ಬಂತು. ಮುಚ್ಚಿಡಬಾರದು ಎಂಬುದು ನನ್ನ ಅಭಿಪ್ರಾಯ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ, 2023ರಲ್ಲಿ ಅನುಮತಿ ಸಿಕ್ಕ ಗಾಯದ ಹೊದಿಕೆ ಹಂದಿಯ ಪಿತ್ತಕೋಶದಿಂದ ಮಾಡಿದ್ದು ಎಂದೂ ಹೇಳಿದೆ. ಅದರ ಕೋಶಗಳನ್ನೆಲ್ಲ ತೊಳೆದು ತೆಗೆದು ಉಳಿದ ಹೆಣಿಗೆಯನ್ನು ಮಾತ್ರ ಬಳಸುತ್ತಾರೆ. ಒಬ್ಬ ಬೇಡವೆಂದ, ಇನ್ನೊಬ್ಬಳು ಜೀವ ಉಳಿಯುವುದಾದರೆ ಆಗಲಿ ಎಂದಳು. ರೋಗಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂಬಲ್ಲಿಗೆ ಇಬ್ಬರೂ ಬಂದರು. ತೀರ್ಪು ಕೊಡುವ ಕೆಲಸ ನನ್ನದಲ್ಲ.

ಮೇಜಿನ ಕೆಳಗಿನಿಂದ ಬಂದ ಪ್ರಶ್ನೆ

ಬೆಳೆಸಿದ ಚರ್ಮದಲ್ಲಿ ಏನೇನು ಇರುವುದಿಲ್ಲ ಎಂದು ಹಲಗೆಯ ಬಲಬದಿಗೆ ಬರೆಸಿದೆ. ಬೆವರು ಗ್ರಂಥಿ ಇಲ್ಲ, ಆದ್ದರಿಂದ ದೊಡ್ಡ ಗಾಯ ವಾಸಿಯಾದವರಿಗೆ ಬಿಸಿಲು ಕಷ್ಟ. ಕೂದಲು ಇಲ್ಲ. ಬಣ್ಣ ಅಕ್ಕಪಕ್ಕದ ಚರ್ಮಕ್ಕೆ ಹೊಂದದೆ ಇರಬಹುದು. ಸ್ಪರ್ಶ ಪೂರ್ತಿ ಮರಳುವುದಿಲ್ಲ. ಖರ್ಚು ಬಹಳ, ವಾರಗಟ್ಟಲೆ ಕಾಯಬೇಕು.

ಆಗ ಆ ಹುಡುಗಿ ಕೇಳಿದಳು: “ಮಿಸ್, ನಾವು ದೊಡ್ಡೋರಾದಾಗ ಆ ಚರ್ಮಾನೂ ಜೊತೆಗೆ ಬೆಳೆಯುತ್ತಾ?”

ಇಡೀ ಪಾಠದಲ್ಲಿ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ ಇದು. ಎರಡು ಭಾಗ ಮಾಡಿ ಉತ್ತರಿಸಿದೆ. ಹೊರಚರ್ಮದ ಮಟ್ಟಿಗೆ, ಹೌದು, ಅದರಲ್ಲಿ ಆಕರ ಕೋಶಗಳು ಇದ್ದರೆ. ಜರ್ಮನಿಯಲ್ಲಿ 7 ವರ್ಷದ ಹುಡುಗನೊಬ್ಬನಿಗೆ ಹುಟ್ಟಿನಿಂದಲೇ ಚರ್ಮ ಕಳಚುವ ಕಾಯಿಲೆ ಇತ್ತು. ಅವನದೇ ಕೋಶಗಳಲ್ಲಿ ಜೀನಿನ ದೋಷ ಸರಿಪಡಿಸಿ, ಬೆಳೆಸಿ, 2015 ಮತ್ತು 2016ರಲ್ಲಿ ಮೈಯ ಸುಮಾರು 80 ಶೇಕಡಾ ಹೊರಚರ್ಮವನ್ನು ಬದಲಿಸಿದರು. ಇಟಲಿಯ ಮಿಕೇಲೆ ಡಿ ಲೂಕಾ ಅವರ ತಂಡ 2017ರಲ್ಲಿ ಇದನ್ನು ಪ್ರಕಟಿಸಿತು. ಐದು ವರ್ಷದ ನಂತರದ ವರದಿಯಲ್ಲೂ ಆ ಚರ್ಮ ಗಟ್ಟಿಯಾಗಿತ್ತು. ತಿಂಗಳಿಗೊಮ್ಮೆ ಉದುರಿ ಹುಟ್ಟುವ ಕೆಲಸವನ್ನು ಕೆಲವೇ ಆಕರ ಕೋಶಗಳು ನಡೆಸಿಕೊಂಡು ಹೋಗುತ್ತಿದ್ದವು. ಎರಡನೆಯ ಭಾಗ: ಆ ಹುಡುಗನ ಒಳಚರ್ಮ ಉಳಿದಿತ್ತು. ಆಳಕ್ಕೆ ಸುಟ್ಟು ಕಲೆಗಟ್ಟಿದ ಜಾಗ ಹಾಗಲ್ಲ. ಮೂಳೆ ಉದ್ದವಾಗುತ್ತದೆ, ಕಲೆ ಅಷ್ಟು ಹಿಗ್ಗುವುದಿಲ್ಲ. ಅದಕ್ಕೇ ಬೆಳೆಯುವ ಮಕ್ಕಳಲ್ಲಿ ಕಲೆಯನ್ನು ಬಿಡಿಸಿ ಮಧ್ಯೆ ಹೊಸ ಚರ್ಮ ಸೇರಿಸುವ ಶಸ್ತ್ರಚಿಕಿತ್ಸೆ ಮತ್ತೆ ಬೇಕಾಗಬಹುದು, ವ್ಯಾಯಾಮವೂ ಬೇಕು. ಇಂಥದ್ದನ್ನು ದೊಡ್ಡ ಸರ್ಕಾರಿ ಆಸ್ಪತ್ರೆಗಳ ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ನೋಡುತ್ತಾರೆ ಎಂದು ಇಡೀ ತರಗತಿಗೆ ಹೇಳುವ ಹಾಗೆ ಹೇಳಿದೆ. ಅವಳು ಬರೆದುಕೊಂಡಳು.

ವೀಕ್ಷಣೆ ಮತ್ತು ಮೌಲ್ಯಮಾಪನ

ವೀಕ್ಷಿಸಿದ ಉಪನ್ಯಾಸಕರು ಎರಡು ಆಕ್ಷೇಪ ಎತ್ತಿದರು. ಮೂಗಿನ ಪ್ರಸಂಗ ಪಠ್ಯಕ್ಕೆ ಹೊರಗಿನದು, ಅದಕ್ಕೆ ಎಂಟು ನಿಮಿಷ ಹೋಯಿತು ಎಂಬುದು ಒಂದು. ಅವರ ಮಾತಿಗೆ ಗೌರವ ಇದ್ದೇ ಇದೆ. ಆದರೆ ರಕ್ತಸಂಚಾರದ ಪರಿಕಲ್ಪನೆಯನ್ನು ಚಪ್ಪರದವರೆಗೆ ಎಳೆದು ತಂದದ್ದು ಆ ಎಂಟು ನಿಮಿಷವೇ. ಕತ್ತರಿಸಬೇಕಾದರೆ ನಾನು ಕತ್ತರಿಸುವುದು ಆಲೂಗೆಡ್ಡೆಯನ್ನು. ಪ್ರಥಮ ಚಿಕಿತ್ಸೆ ಹೇಳದೆ ಸುಟ್ಟ ಗಾಯದ ಪಾಠ ಮುಗಿಸಬಾರದು ಎಂಬುದು ಎರಡನೆಯದು. ಅದನ್ನು ಕೊನೆಯ ಐದು ನಿಮಿಷಕ್ಕೆ ಇಟ್ಟುಕೊಂಡಿದ್ದೆ. ಅವರು ಮೊದಲೇ ಬರಲಿ ಎನ್ನುತ್ತಾರೆ. ಆಳದ ಚಿತ್ರ ನೋಡಿದ ಮೇಲೆ ಬಂದರೆ ಅದಕ್ಕೆ ಕಾರಣ ಸಿಗುತ್ತದೆ ಎಂದು ನನ್ನ ಅನಿಸಿಕೆ: ಸುಟ್ಟ ಕೂಡಲೇ ನಲ್ಲಿಯ ಹರಿಯುವ ನೀರಿನಡಿ 20 ನಿಮಿಷ ಹಿಡಿಯಬೇಕು, ಶಾಖ ಒಳಕ್ಕೆ ಇಳಿಯುವುದನ್ನು ಅದು ತಡೆಯುತ್ತದೆ, ಬೇರಿನ ಮಟ್ಟವನ್ನು ಉಳಿಸುತ್ತದೆ. ಐಸ್ ಬೇಡ. ಟೂತ್‌ಪೇಸ್ಟ್, ಬೆಣ್ಣೆ, ಇಂಕು, ಅರಿಶಿನ ಬೇಡ. “ನಮ್ಮನೇಲಿ ಪೇಸ್ಟೇ ಹಚ್ಚೋದು” ಎಂದು ಒಂದಿಷ್ಟು ಮಕ್ಕಳು ನಕ್ಕರು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ: ಬೈಕಿನ ಸೈಲೆನ್ಸರ್ ತಗುಲಿ ಬೊಬ್ಬೆ ಬಂದ ಒಂದು ಅಂಗೈ ಗಾಯ, ಬೆಂಕಿಯಲ್ಲಿ ಆಳಕ್ಕೆ ಸುಟ್ಟ ಒಂದು ಅಂಗೈ ಗಾಯ, ಯಾವುದು ತಾನೇ ವಾಸಿಯಾಗುತ್ತದೆ, ಯಾವುದಕ್ಕೆ ಕಸಿ ಬೇಕು, ಯಾಕೆ? ಹೆಚ್ಚಿನವರು ಬೇರು, ಬದು ಎಂಬ ಪದಗಳಲ್ಲೇ ಬರೆದರು. ಕೆಲವರು ಅನುಲೇಪಕ, ಸಂಯೋಜಕ ಎಂಬ ಪಠ್ಯದ ಪದಗಳನ್ನು ತಾವಾಗಿ ತಂದು ಜೋಡಿಸಿದರು. ಬೇರು ಎಂದು ಬರೆದದ್ದಕ್ಕೂ ಪೂರ್ಣ ಅಂಕ ಕೊಟ್ಟೆ. ಪರೀಕ್ಷೆಯಲ್ಲಿ ಪಠ್ಯದ ಪದವೇ ಬೇಕಾಗುವುದರಿಂದ, ಮರುದಿನದ ತರಗತಿಯ ಮೊದಲ ಹತ್ತು ನಿಮಿಷದಲ್ಲಿ ಅವರದೇ ಉತ್ತರಗಳನ್ನು ಹಲಗೆಯ ಮೇಲೆ ಬರೆದು, ಬೇರು ಇರುವಲ್ಲಿ ಯಾವ ಪದ ಬರಬೇಕೆಂದು ಅವರಿಂದಲೇ ತುಂಬಿಸಿದೆ.

ಗ್ರಾಫ್ ಹಾಳೆ, ಬಣ್ಣದ ಕಾಗದ, ಕತ್ತರಿ, ಒಂದು ಬಾಳೆ ಎಲೆ. ಪಾಠಕ್ಕೆ ಬೇಕಾದದ್ದು ಇಷ್ಟೇ. ಗ್ರಾಫ್ ಹಾಳೆಗಳನ್ನು ಮಕ್ಕಳು ವಾಪಸು ಕೊಡಲಿಲ್ಲ, ತಂತಮ್ಮ ಅಂಗೈಯನ್ನು ವಿಜ್ಞಾನದ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದಾರೆ.